ಚಿಂತೆ ಮಾಡಬಾರದ ರೋಗ

ಯಾದಗಿರಿಯ ಆಸ್ಪತ್ರೆಯೊಂದರಲ್ಲಿ ಸ್ಕ್ಯಾನಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ, ತಲೆಗೆ ಪಟ್ಟಿ ಕಟ್ಟಿದ್ದ ಮುದುಕ ಕುರಿಗಾರನೊಬ್ಬ ಸೊಸೆಯನ್ನು ಕೇಳುತ್ತಿದ್ದ.

“ಡಾಕ್ಟರ್ ಏನಂದ್ರು, ಕಲ್ಪನಾ?”

“ಚಿಂತಿ ಮಾಡಬ್ಯಾಡ್ರಿ ಅಂದ್ರು ಮಾವ. ಚಿಂತಿ ಮಾಡಿದ್ರ ಮೈಯಾಗ ಒಂದು ಹಾರ್ಮೋನು ಏರ್ತದಂತ. ಅದು ಮೆದುಳಿನ ಗಡ್ಡಿಗೆ ಮುಟ್ಟಿದ್ರ, ಕಾವಲು ಕಣಗಳನ್ನ ಕರಿಯೋ ಜೀನು ಬಂದ್ ಆಗಬಹುದಂತ.”

“ತೋಳ ಬಂದಾಗ ನಾಯಿ ಬೊಗಳದಂಗ. ಕುರಿ ಹೆಂಗದಾವ?”

“ಆರಾಮ ಅದಾವ್ರಿ. ನಿಮ್ಮ ಕೆಂದ ಕುರಿ ನಿನ್ನಿ ಎರಡು ಮರಿ ಹಾಕ್ಯಾದ.”

ಮುದುಕ ಬೆರಳು ಮಡಚಿ ಎಣಿಸಿದ.

“ಅದು ಈಯಾಕ ಇನ್ನೂ ಎರಡು ತಿಂಗಳ ಅದ.”

ಅವಳು ನೆಲ ನೋಡಿದಳು.

“ಎಷ್ಟು ಸತ್ತಾವ?”

“ಹನ್ನೊಂದು. ಹಿಂಡಿಗೆ ಬ್ಯಾನಿ ಬಿದ್ದಾದ್ರಿ.”

ನರ್ಸ್ ಅವನ ಹೆಸರು ಕರೆದಳು. ಗೋಡೆ ಹಿಡಿದು ಎದ್ದ.

“ಕುರಿ ಜೋಡಿ ಇರೋ ನಿನ್ನ ಗಂಡಗ ಫೋನ್ ಮಾಡು. ಮರಿ ಸುದ್ದಿ ಕೇಳಿ ಅಪ್ಪ ನಕ್ಕಾನ ಅಂತ ಹೇಳು.”