ಬೆಚ್ಚಗಿಡಬೇಕಾದ ಸೀಸೆ

ಕಟ್ಟುಕತೆಯಲ್ಲ ಇದು. ತಾಂಡೂರಿನ ಹತ್ತಿರದ ಪೆದ್ದೆಮುಲ್‌ನಲ್ಲಿ ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆಯ ರೇವಪ್ಪನಿಗೆ ಆದದ್ದು. ಹೈದರಾಬಾದಿನಲ್ಲಿ ಕ್ಯಾನ್ಸರ್ ಗಂಟಿನ ಪರೀಕ್ಷೆ ಇನ್ನೂ ಹೊಸದಾಗಿದ್ದ ಕಾಲ.

ಅವನ ಹೆಂಡತಿ ಗುರುಲಿಂಗಮ್ಮನ ಕೊರಳಲ್ಲಿ ಗಂಟೆದ್ದಿತ್ತು. ತಾಂಡೂರಿನ ಡಾಕ್ಟರು ಅದರಿಂದ ಹುಣಸೆಬೀಜದಷ್ಟು ಕೊಯ್ದು, ಕೆಂಪು ನೀರಿನ ಸೀಸೆಯಲ್ಲಿ ಹಾಕಿ ರೇವಪ್ಪನ ಕೈಗಿಟ್ಟರು.

"ನಾಳಿ ಮುಂಜಾನಿ ರೈಲಿಗೆ ಹೈದರಾಬಾದಿನ ಲ್ಯಾಬಿಗೆ ಮುಟ್ಟಸ್ರಿ. ಅಲ್ಲಿ ಇದನ್ನ ಬೆಳೆಸ್ತಾರ. ಜೀವಕೋಶದಾಗಿನ ವರ್ಣತಂತು ಎಲ್ಲಿ ಮುರಿದಾವ ನೋಡಿ, ಎಂಥಾ ಕ್ಯಾನ್ಸರ್ ಅಂತ ಹೇಳ್ತಾರ. ಆಮ್ಯಾಲೆ ಔಷಧ. ಆದ್ರ ಇದು ಸಾಯಬಾರ್ದು. ಮೈಗೆ ಹಚ್ಚಿ ಬೆಚ್ಚಗ ಇಟ್ಕೋರಿ."

ಗಂಟನ್ನು ಬೆಳೆಸುತ್ತಾರಂತೆ... ರೇವಪ್ಪ ಹೇಸುತ್ತ ಸೀಸೆಯನ್ನು ಎರಡೇ ಬೆರಳಲ್ಲಿ ಹಿಡಿದ.

ಕತ್ತಲಾದ ಮೇಲೆ ಊರ ಕಡೆ ನಡೆದ. ಸೀಸೆ ಸೊಂಟದಲ್ಲಿ. ಆಲದ ಮರದ ಹತ್ತಿರ... ಪುಟುಕ್. ನಿಂತ. ಸದ್ದಿಲ್ಲ. ನಡೆದ. ಪುಟುಕ್... ಪುಟುಕ್. ಹಸಿ ತುಟಿ ಬಿಚ್ಚಿ ಮುಚ್ಚಿದ ಹಾಗೆ. ಹೊಟ್ಟೆಗಂಟಿದ ಗಾಜು ಅವನ ಮೈಗಿಂತ ಬಿಸಿ. ವ್ಯಾಕ್ ಅಂತ ಅಲ್ಲೇ ಕಾರಿಕೊಂಡ.

ಆಲದ ಹಿಂದೆಯೇ ಅವರ ಮನೆತನದ ರುದ್ರಭೂಮಿ. ಲಿಂಗವಂತರ ಮೈ ಮಣ್ಣಿಗೆ ಸೇರಬೇಕು. ಮೈಯಿಂದ ಕೊಯ್ದದ್ದೂ ಅಲ್ಲಿಗೇ, ಯಾರದೋ ಮೇಜಿನ ಮೇಲೆ ಕೊಬ್ಬಬಾರದು ಅಂತ ಅವನ ಲೆಕ್ಕ. ಮೊಣಕೈ ಆಳ ತೋಡಿ ಹೂತ. ಮೇಲೆ ವಿಭೂತಿಯನ್ನೂ ಉದುರಿಸಿದ, ಪುಣ್ಯಾತ್ಮ. ಮರುದಿನ ತಾಂಡೂರಿನ ಸ್ಟೇಷನ್ನಿನಲ್ಲಿ ಕೂತು ಹೊತ್ತು ಕಳೆದು ಮನೆಗೆ ಬಂದ.

"ಮುಟ್ಟಸಿದ್ರಿ?" ಗುರುಲಿಂಗಮ್ಮ ಪಿಸುಗುಟ್ಟಿದಳು.

"ಹ್ಞೂಂ."

"ಜೀವ ಇತ್ತಿಲ್ಲ ಅದಕ್ಕ?"

"...ಇತ್ತು. ಮಲ್ಕೋ."

ಮಲಗಿದವಳು ನಡುರಾತ್ರಿ ಎದ್ದು ಕೂತಳು. ಥೂ... ಥೂ... "ಬಾಯಾಗ ಮಣ್ಣು ಬರ್ಲಿಕತ್ತದ, ನೋಡ್ರಿ."

ಅವನು ಬೆರಳು ಹಾಕಿ ನೋಡಿದ. ಜೊಲ್ಲಿನ ಜೊತೆ ಕೆಮ್ಮಣ್ಣು ಬಂತು. ವಿಭೂತಿಯ ಬಿಳಿ ಬೆರೆತ ಕೆಮ್ಮಣ್ಣು.

ಹೋಗಿ ತೆಗೆದು ತರಬಹುದಿತ್ತು. ಹೇಸಿಗೆ ದೊಡ್ಡದೋ, ಹೆಂಡತಿ ದೊಡ್ಡವಳೋ? ಅವನು ಹೋಗಲಿಲ್ಲ. ಡಾಕ್ಟರು ಕೇಳಿದರೂ "ಕೊಟ್ಟೀನ್ರಿ" ಅಂದ. ದಿನಾ ಅವಳದು ಒಂದೇ ಮಾತು: "ಹೈದರಾಬಾದಿಂದ ಏನರೆ ಬಂತೇನ್ರಿ?" ಗಂಟು ಕೊರಳೆಲ್ಲ ತುಂಬಿತು, ಒಡೆಯಿತು, ಕೀವು ಸೋರಿತು. ಆ ನಾತಕ್ಕೆ ರೇವಪ್ಪ ಹೊರಗೆ ಮಲಗತೊಡಗಿದ. ಔಷಧ ಯಾವುದೆಂದು ಗೊತ್ತಾಗದೆ ಅವಳು ತೀರಿಕೊಂಡಳು.

ಕುಣಿ ತೋಡುವ ಕಾಶಪ್ಪನಿಗೆ ಯಾರೂ ಏನೂ ಹೇಳಿರಲಿಲ್ಲ. ಅವನ ಸಲಿಕೆಗೆ ಟಣ್ ಅಂತು. ಸೀಸೆ. ಬಿರಡೆ ಹಾಕಿದ ಹಾಗೇ ಇತ್ತು. ಹುಣಸೆಬೀಜದಷ್ಟಿದ್ದ ತುಂಡು ಒಳಗೆ ಬಾಯಿತನಕ ತುಂಬಿ, ಗಾಜಿಗೆ ಒತ್ತಿಕೊಂಡಿತ್ತು... ನಸುಗೆಂಪಗೆ, ಹಸಿಹಸಿಯಾಗಿ. ನೋಡಿದವರು ಸೆರಗು ಮೂಗಿಗೆ ಒತ್ತಿಕೊಂಡರು. ರೇವಪ್ಪ ಮುಖ ತಿರುವಿದ.

ನಂಬದಿದ್ದರೆ ಕಾಶಪ್ಪನನ್ನೇ ಕೇಳಿ, ಇನ್ನೂ ಇದ್ದಾನೆ. ಗುರುಲಿಂಗಮ್ಮನ ಮೈ ಆಗಲೇ ಕೊರಡಾಗಿತ್ತು. ನಡೆದದ್ದನ್ನೇ ಹೇಳುತ್ತಿದ್ದೇನೆ... ಸೀಸೆ ಬೆಚ್ಚಗಿತ್ತು.