ಐಷ್ ಅಂದರೆ

ಕುವೈತಿನ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ನಮ್ಮ ಈಜಿಪ್ಟಿನವರೇ ಇಬ್ಬರು ಕೂತಿದ್ದರು. ಚಿಕ್ಕವನ ತೊಡೆಯ ಮೇಲೆ ಅಕ್ಕಿಯ ಚೀಲವಿತ್ತು.

“ಅಡುಗೆ ಕೆಲಸ ಏನಾಯ್ತೋ ವಗ್ದಿ?”

“ಕೆಟ್ಟೋಯ್ತು, ಸಬ್ರಿಯಣ್ಣ. ಮೊನ್ನೆ ಯಜಮಾನಿ ‘ಮಧ್ಯಾಹ್ನಕ್ಕೆ ಐಷ್ ಮಾಡು, ನೋಡೋಣ’ ಅಂದ್ರು. ರಾಶಿ ರೊಟ್ಟಿ ಬೇಯಿಸಿಟ್ಟೆ.”

“ಅಯ್ಯೋ ಪೆದ್ದೇ! ಐಷ್ ಅಂದ್ರೆ ನಮಗೆ ರೊಟ್ಟಿ, ಇವರಿಗೆ ಅನ್ನ ಕಣೋ!”

“ಮನೆಯವರೆಲ್ಲ ಮೀನು ಮುಂದಿಟ್ಕೊಂಡು ಅನ್ನಕ್ಕೆ ಕಾಯ್ತಿದ್ದಾಗ ಗೊತ್ತಾಯ್ತು. ಬೈದು ಕಳಿಸಿಬಿಟ್ರು.”

“ವೀಸಾ?”

“ಈ ವಾರ ಕೆಲಸ ಸಿಗ್ದಿದ್ರೆ ಊರಿಗೆ ವಾಪಸ್.”

“ರೂಮಲ್ಲಿ ದಿನಾ ಕಾಳು ಬೇಯಿಸ್ಕೊಂಡು ತಿನ್ನೋನಿಗೆ ಅಕ್ಕಿ ಯಾಕೋ?”

“ನಿನ್ನೆಯಿಂದ ಮಾಡಿ ಮಾಡಿ ಕಲಿತೆ. ಈಗ ಅನ್ನ ಮುದ್ದೆಯಾಗಲ್ಲ, ಉದುರುದುರಾಗಿ ಬರುತ್ತೆ. ಆ ಯಜಮಾನಿ ಮನೆಗೇ ಹೊರಟೆ.”

“ಬಾಗಿಲು ತೆಗೀತಾರೇನೋ?”

“ಬೈತಾ ಬೈತಾನೇ ಒಂದು ರೊಟ್ಟಿನೂ ಬಿಡದೆ ತಿಂದ್ರು, ಅಣ್ಣ. ತೆಗೀತಾರೆ.”

ಅವನು ಚೀಲವನ್ನು ಹೆಗಲಿಗೇರಿಸಿ ಇಳಿದುಹೋದ.