ಭಾರದ ಕತ್ತಿಗೆ ಹಗುರ ಕೈ

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ. ಮುಂದಿನ ಸಾಲಿನವರು ಯಾಕೆ ಹೀಗೆ ಮುಖ ಮುಖ ನೋಡಿಕೊಳ್ಳುತ್ತೀರಿ? ನಿಮ್ಮೂರು ಅಂದೆನೇ ನಾನು?

ಅಕ್ಕಿ ಗಿರಣಿಯ ಯಜಮಾನ. ಒಬ್ಬಳೇ ಮಗಳು, ಹೊಸ ಅಳಿಯ. ಅಳಿಯನಿಗೆ ಒಂದು ಪುಟ್ಟ ಸೈಕಲ್ ಅಂಗಡಿ. ಹೋದ ಹಬ್ಬದಲ್ಲಿ ಮಾವ ಸಾರಿಗೊಮ್ಮೆ, ಪಲ್ಯಕ್ಕೊಮ್ಮೆ, "ಅಂಗಡಿ ಮುಚ್ಚಿ ಗಿರಣಿಗೆ ಬಾ" ಎಂದು ಹೇಳಿದ್ದೇ ಹೇಳಿದ್ದು. ಪಾಯಸ ಬರುವಷ್ಟರಲ್ಲಿ ಅಳಿಯ ಎಲೆ ಬಿಟ್ಟು ಎದ್ದುಹೋದ. ಹಿಂದೆಯೇ ಮಗಳೂ ಕಣ್ಣೊರೆಸಿಕೊಂಡು ಹೊರಟಳು. ಮನೆ ಬಿಕೋ ಅಂದಿತು. ಈ ಹಬ್ಬಕ್ಕೆ ಮಗಳು ಹೇಗೋ ಗಂಡನನ್ನು ಒಪ್ಪಿಸಿ ಕರೆತರುತ್ತಿದ್ದಳು. ಈ ಸಲವೂ ಅಳಿಯ ಎದ್ದುಹೋದರೆ ಮಗಳು ಮತ್ತೆ ಹೊಸ್ತಿಲು ತುಳಿಯುವುದಿಲ್ಲ ಎಂದು ಯಜಮಾನನಿಗೂ ಗೊತ್ತಿತ್ತು. ಹೆದರಿದ್ದ, ಪಾಪ.

ಬೆಳಿಗ್ಗೆ ಕನ್ನಡಿ ಮುಂದೆ ಕೂತ. ಅಳಿಯ ಬರುವ ದಿನವಲ್ಲವೇ? ಸವೆದು ಹಗುರಾದ ಹಳೆಯ ಕ್ಷೌರದ ಕತ್ತಿ ಬಿಟ್ಟು, ಅಗಲ ಅಲಗಿನ ಹೊಸ ಭಾರದ ಕತ್ತಿ ತೆಗೆದ. ನೋಡಿ, ಹಗುರ ಕತ್ತಿಯನ್ನು ಕೈಯಿಂದ ಸ್ವಲ್ಪ ಒತ್ತಬೇಕು. ಭಾರದ ಕತ್ತಿಗೆ ಹಾಗಲ್ಲ. ಚರ್ಮ ಬಿಗಿಹಿಡಿದು ಸುಮ್ಮನೆ ಜಾರಲು ಬಿಟ್ಟರೆ ಸಾಕು, ತನ್ನ ಭಾರಕ್ಕೆ ತಾನೇ ಕೂದಲು ತೆಗೆಯುತ್ತದೆ. ನಮ್ಮ ಯಜಮಾನ ಸುಮ್ಮನೆ ಬಿಡುವ ಆಸಾಮಿಯೇ? ಹಳೇ ಚಾಳಿ, ಒತ್ತಿ ಎಳೆದ. ಎಡಗೆನ್ನೆ ಕೊಯ್ದುಕೊಂಡ.

ಹೆಂಡತಿ ಗಾಯಕ್ಕೆ ಹತ್ತಿ ಇಡುತ್ತಾ ಅಂದಳು: "ಅಲ್ರೀ, ಕತ್ತಿಗೇ ಅಷ್ಟು ಭಾರ ಇದೆ. ಅದರ ಮೇಲೆ ನಿಮ್ಮ ಭಾರಾನೂ ಯಾಕೆ ಹಾಕ್ತೀರಿ? ಹೋದ ಹಬ್ಬದಲ್ಲಿ ಅಳಿಯಂದ್ರ ಮೇಲೆ ಹಾಕಿದ್ದು ಸಾಲದಾ?"

ಯಜಮಾನ ಮತ್ತೆ ಕತ್ತಿ ಎತ್ತಿಕೊಂಡ. ಬಲಗೆನ್ನೆಗೆ ಕೈ ಹಗುರ ಮಾಡಿದ. ಒಂದು ಗೀರೂ ಬೀಳಲಿಲ್ಲ.

ಮಧ್ಯಾಹ್ನ ಮಗಳು ಅಳಿಯ ಬಂದರು. ಮಾವ ಅಳಿಯ ಊಟಕ್ಕೆ ಕೂತರು. ಸಾರು ಬಂತು. ಯಜಮಾನನ ಬಾಯಿ ತೆರೆಯಿತು. ಬಡಿಸುತ್ತಿದ್ದ ಮಗಳ ಕೈಯಲ್ಲಿ ಸೌಟು ನಿಂತಿತು. ಅಷ್ಟರಲ್ಲಿ ಕೆನ್ನೆಯ ಗಾಯ ಚುರ್ ಅನ್ನಬೇಕೇ! "ಅಂಗಡಿ ಹೇಗಿದೆಯಪ್ಪಾ?" ಎಂದಷ್ಟೇ ಕೇಳಿದ. ಅಳಿಯ ಹೇಳುತ್ತಾ ಹೋದ, ಹೇಳುತ್ತಲೇ ಎರಡು ಸಲ ಪಾಯಸ ಹಾಕಿಸಿಕೊಂಡ. ಮಗಳು ನಕ್ಕಳು.

ನಗುತ್ತೀರಾ? ನಗಿ, ನಗಿ. ತಾಯಂದಿರೇ, ನೀವು ನಿಮ್ಮ ಯಜಮಾನರ ಕಡೆ ನೋಡಿ ನಗುತ್ತಿದ್ದೀರಿ; ಸೊಸೆಗೆ ಇವತ್ತು ಒಂದೇ ಮಾತು ಎಷ್ಟು ಸಲ ಹೇಳಿ ಬಂದಿರಿ? ನೋಡಿ, ಹಿರಿಯರ ಮಾತಿಗೆ ಭಾರ ಮೊದಲೇ ಇದೆ. ಅಪ್ಪ ಅನ್ನಿಸಿಕೊಂಡ ದಿನವೇ ಬಂತು, ಅತ್ತೆ ಅನ್ನಿಸಿಕೊಂಡ ದಿನವೇ ಬಂತು. ಮತ್ತೆ ಒತ್ತುವುದೇಕೆ? ಒಮ್ಮೆ ಹೇಳಿ, ಬಿಟ್ಟುಬಿಡಿ. ಇವತ್ತು ಊಟಕ್ಕೆ ಕೂತಾಗ ಅದೇ ಮಾತು ಎರಡನೇ ಸಲ ನಾಲಿಗೆ ತುದಿಗೆ ಬಂದರೆ, ನಿಮ್ಮ ಕೆನ್ನೆ ಒಮ್ಮೆ ಮುಟ್ಟಿ ನೋಡಿಕೊಳ್ಳಿ. ಆಮೇಲೆ, "ಇನ್ನೊಂಚೂರು ಪಲ್ಯ ಹಾಕಿಕೋ" ಅನ್ನಿ.